ಪ್ರತಿನಾಯಕನ ಪಾಲು: ಕಿಂಗ್ ಕಾಂಗ್ ಮತ್ತು ದಾರಾಸಿಂಗ್

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕುಸ್ತಿಯ ಪ್ರಸ್ತಾಪವೇಕೆಂದು ಓದುಗರಿಗೆ ಅನಿಸಬಹುದು. ನಾವಿಲ್ಲಿ ವಿಚಾರಿಸಹೊರಟಿರುವುದು ಕ್ರೀಡೆಯನ್ನಲ್ಲ, ಒಂದು ಬಗೆಯ ನಾಟಕವನ್ನು. ಅದರಲ್ಲಿ ಖಳನ ಪಾತ್ರ ವಹಿಸಿದ ಹಿರಿಯ ಕಲಾವಿದರೊಬ್ಬರಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ನಮಗೆ ಕುಸ್ತಿಯೆಂದರೆ ತಾಲೀಮಿನ ಕೆಂಪು ಮಣ್ಣು. ಶಾಹೂ ಮಹಾರಾಜರು ಕೊಲ್ಲಾಪುರದಲ್ಲಿ ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಇಬ್ಬರು ಪೈಲ್ವಾನರು ಇಳಿದರೆ ಒಬ್ಬ ಸಜ್ಜನ, ಇನ್ನೊಬ್ಬ ದುರ್ಜನ ಎಂಬ ಭೇದವಿಲ್ಲ. ಬೆನ್ನು ಮಣ್ಣಿಗೆ ತಾಗಿದವನು ಸೋತ, ಅಷ್ಟೇ. ಹಗ್ಗ ಬಿಗಿದ ಅಟ್ಟಣೆಯ ಮೇಲಿನ ವೃತ್ತಿಕುಸ್ತಿಯ ನ್ಯಾಯ ಬೇರೆ. ಅಲ್ಲಿ ಗೆಲ್ಲುವವನಾರೆಂಬುದು ಮೊದಲೇ ನಿಶ್ಚಯವಾಗಿರುತ್ತಿತ್ತೆಂಬುದು ಇಂದು ಗುಟ್ಟೇನೂ ಅಲ್ಲ. ಆದುದರಿಂದ ವಿಮರ್ಶಕನು ಕೇಳಬೇಕಾದದ್ದು ಯಾರು ಗೆದ್ದರೆಂದಲ್ಲ, ಗೆಲುವನ್ನು ಹೇಗೆ ನಂಬಿಸಿದರೆಂದು.

ಕಿಂಗ್ ಕಾಂಗ್ ಎಂದು ಪ್ರಸಿದ್ಧರಾದ ಎಮಿಲ್ ಚಾಯಾ 1909ರಲ್ಲಿ ಟ್ರಾನ್ಸಿಲ್ವೇನಿಯದಲ್ಲಿ ಜನಿಸಿದವರು. ದಾರಾಸಿಂಗ್ 1928ರಲ್ಲಿ ಪಂಜಾಬಿನಲ್ಲಿ. ಸಿಂಗಪುರದಲ್ಲೂ ಭಾರತದಲ್ಲೂ ಇವರು ಎದುರುಬದುರಾದ 1950ರ ದಶಕದ ನಡುವಿನ ವೇಳೆಗೆ ಹಿರಿಯರಿಗೆ ನಲವತ್ತೈದು ದಾಟಿತ್ತು, ಕಿರಿಯರಿಗೆ ಮೂವತ್ತು ತುಂಬಿರಲಿಲ್ಲ. ನಮ್ಮ ಬಾಲ್ಯದಲ್ಲಿ ಹಿರಿಯರು ದಾರಾಸಿಂಗರನ್ನು ಬಹುವಚನದಲ್ಲಿಯೂ ಕಿಂಗ್ ಕಾಂಗನನ್ನು ಏಕವಚನದಲ್ಲಿಯೂ ಕರೆಯುತ್ತಿದ್ದರು. ನಾವು ಇಬ್ಬರಿಗೂ ಬಹುವಚನವನ್ನೇ ಬಳಸುತ್ತೇವೆ.

ಜನರ ಬಾಯಲ್ಲಿ ಉಳಿದಿರುವುದು ಒಂದೇ ಚಿತ್ರ: ದಾರಾಸಿಂಗ್ ಆ ದೈತ್ಯನನ್ನು ಎತ್ತಿ ಹಗ್ಗದಾಚೆಗೆ ಎಸೆದರೆಂಬುದು. ಇದನ್ನು ಕೊಂಚ ನಿಧಾನವಾಗಿ ನೋಡಬೇಕು. ಇನ್ನೂರು ಕಿಲೋಗೆ ಸಮೀಪದ ದೇಹವು ಎತ್ತಿಸಿಕೊಳ್ಳಲು ಒಪ್ಪದಿದ್ದರೆ ಅದನ್ನು ಎತ್ತುವುದು ದುಸ್ಸಾಧ್ಯ. ಅದು ಸರಿಯಾದ ಕ್ಷಣಕ್ಕೆ ತಾನೇ ಚಿಮ್ಮಬೇಕು, ಭಾರವನ್ನು ಎದುರಾಳಿಯ ಹೆಗಲಿಗೆ ಹೊಂದಿಸಿಕೊಡಬೇಕು, ಆಮೇಲೆ ಬೀಳಬೇಕು. ಫಲಿತಾಂಶ ಹುಸಿಯಾಗಿರಬಹುದು, ಬೀಳುವಿಕೆ ಹುಸಿಯಲ್ಲ. ಕ್ಯಾನ್ವಾಸಿನ ಕೆಳಗಿರುವುದು ಹಲಗೆ. ಅದಕ್ಕೂ ಮುಂಚೆ ತರುಣನ ಚುರುಕನ್ನು ಮೆರೆಯಗೊಡುವುದು, ರೆಫರಿಯ ಕಣ್ಣು ತಪ್ಪಿಸಿ ನಿಯಮ ಮೀರಿ ಪ್ರೇಕ್ಷಕರನ್ನು ಕೆರಳಿಸುವುದು, ಅವರ ಸಿಟ್ಟು ಹಣ್ಣಾಗುವವರೆಗೆ ಕಾಯಿಸುವುದು, ಕೊನೆಗೆ ಕೈಮುಗಿದು ಹಿಂಜರಿಯುವುದು: ಈ ಆಟದ ಲಯವನ್ನು ಹಿಡಿಯುವ ಹೊಣೆ ಸಾಮಾನ್ಯವಾಗಿ ಖಳನದೇ. ತರುಣನಿಗೆ ಬಲವಿದ್ದರೆ ಸಾಕು. ಖಳನಿಗೆ ಕಾಲಜ್ಞಾನ ಬೇಕು, ಅದು ಬರುವುದು ವಯಸ್ಸಿನಿಂದ.

ಫ್ರೆಂಚ್ ಲೇಖಕ ರೋಲಾಂ ಬಾರ್ತ್ 1957ರ ‘ಮಿಥಾಲಜೀಸ್’ ಗ್ರಂಥದ ಮೊದಲ ಪ್ರಬಂಧದಲ್ಲಿ ಪ್ಯಾರಿಸಿನ ಇಂಥ ಕುಸ್ತಿಗಳನ್ನು ವಿವೇಚಿಸಿದ್ದಾರೆ. ಐವತ್ತರ ವಯಸ್ಸಿನ, ಮೈ ಜೋತುಬಿದ್ದ ತೋವಾಂ ಎಂಬ ಖಳನ ದೇಹವೇ ನೀಚತನದ ಸಂಕೇತವೆಂದು ಅವರ ಮತ. ಮಾತು ಚುರುಕಾಗಿದೆ, ಆದರೆ ಅರ್ಧ ಸತ್ಯ. ಬಾರ್ತ್ ಸಂಕೇತವನ್ನು ಕಂಡರು, ಅದನ್ನು ಹೊತ್ತವನ ದುಡಿಮೆಯನ್ನು ಕಾಣಲಿಲ್ಲ.

ಕನ್ನಡದ ಓದುಗರಿಗೆ ಇದು ಹೊಸತಲ್ಲ. ರನ್ನ ತನ್ನ ಕಾವ್ಯಕ್ಕೆ ‘ಸಾಹಸಭೀಮ ವಿಜಯ’ವೆಂದು ಹೆಸರಿಟ್ಟರೂ ಓದಿದವರ ಮನಸ್ಸು ದುರ್ಯೋಧನನ ಬಳಿಯೇ ನಿಂತಿತು, ಬಿ.ಎಂ.ಶ್ರೀಯವರು ಅವನನ್ನೇ ದುರಂತನಾಯಕನನ್ನಾಗಿಸಿ ‘ಗದಾಯುದ್ಧ ನಾಟಕ’ ರಚಿಸಿದರು. ಶಾಲೆಯಲ್ಲಿ ನಾಟಕ ಆಡಿಸುವಾಗ ನಮಗೂ ಇದೇ ಅನುಭವ. ಭೀಮನಿಗೆ ಮೈಕಟ್ಟಿನ ಹುಡುಗ ಯಾವ ತರಗತಿಯಲ್ಲಾದರೂ ಸಿಗುತ್ತಿದ್ದ. ದುರ್ಯೋಧನನನ್ನು ಮಾತ್ರ ಹುಡುಕಬೇಕಾಗುತ್ತಿತ್ತು, ಸಿಕ್ಕವನ ತಾಯಿಯನ್ನು ಒಪ್ಪಿಸುವುದು ಇನ್ನೂ ಕಷ್ಟ.

1962ರಲ್ಲಿ ಬಾಬುಭಾಯಿ ಮಿಸ್ತ್ರಿಯವರು ನಿರ್ದೇಶಿಸಿದ ಹಿಂದಿ ಚಿತ್ರದ ಹೆಸರು ‘ಕಿಂಗ್ ಕಾಂಗ್’, ಅದರ ನಾಯಕ ದಾರಾಸಿಂಗ್. ಎಮಿಲ್ ಚಾಯಾ ಕಾರು ಅಪಘಾತದಲ್ಲಿ ಗಾಯಗೊಂಡು 1970ರಲ್ಲಿ ಸಿಂಗಪುರದಲ್ಲಿ ತೀರಿಕೊಂಡರು. ದಾರಾಸಿಂಗ್ 1987ರಲ್ಲಿ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾಗಿ ಮನೆಮನೆಗೂ ಬಂದಾಗ, ಅವರು ಒಂದು ಕಾಲಕ್ಕೆ ಯಾರನ್ನು ಎತ್ತಿ ಎಸೆದರೆಂದು ನಮ್ಮ ವಿದ್ಯಾರ್ಥಿಗಳನ್ನು ಕೇಳಿದೆವು. ತರಗತಿಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ.