ನಷ್ಟವನ್ನು ಹೆಕ್ಟೇರಿನಲ್ಲಿ ಅಳೆಯಬಹುದೆ?

2020ರ ಮಾರ್ಚ್ 25 ಯುಗಾದಿ. ಕೋವಿಡ್ ಕಾರಣದಿಂದ ದೇಶವ್ಯಾಪಿ ಲಾಕ್‌ಡೌನ್ ಆರಂಭವಾದುದೂ ಅಂದೇ. ಹಬ್ಬಕ್ಕೆ, ಮದುವೆ, ಜಾತ್ರೆಗಳಿಗೆಂದು ಬೆಳೆದಿದ್ದ ಹೂವಿಗೆ ಕೊಳ್ಳುವವರೇ ಇಲ್ಲವಾದರು. ಮೇ 6ರಂದು ಕರ್ನಾಟಕ ಸರ್ಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ಪ್ಯಾಕೇಜಿನಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ದೊರೆಯಿತು. ಮಿತಿ ಒಂದು ಹೆಕ್ಟೇರು. ಕೆಲವೇ ದಿನಗಳಲ್ಲಿ ಸುಮಾರು 10 ಲಕ್ಷ ಮುಸುಕಿನ ಜೋಳದ ಬೆಳೆಗಾರರಿಗೆ ತಲಾ 5,000 ರೂಪಾಯಿ ಘೋಷಣೆಯಾಯಿತು. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುವ ಏರ್ಪಾಡು ಮೆಚ್ಚತಕ್ಕದ್ದೇ. ನನ್ನ ತಕರಾರು ಅಳತೆಯದು.

ಭೌತವಿಜ್ಞಾನದಲ್ಲಿ ಸಮೀಕರಣ ಬರೆದೊಡನೆ ಅದರ ಎರಡೂ ಬದಿಯ ಏಕಮಾನಗಳನ್ನು ತಾಳೆ ನೋಡುತ್ತೇವೆ. ಬೆಲೆ ಕುಸಿತದ ನಷ್ಟವೆಂದರೆ, ಮಾರಲು ಉಳಿದಿದ್ದ ಫಸಲಿನ ತೂಕವನ್ನು ಕ್ವಿಂಟಲಿಗಾದ ಬೆಲೆಯ ಇಳಿಕೆಯಿಂದ ಗುಣಿಸಿದಾಗ ಬರುವ ಮೊತ್ತ. ಪರಿಹಾರದ ಸೂತ್ರದಲ್ಲಿ ಇವೆರಡೂ ಇರಲಿಲ್ಲ. ಹೂವಿಗೆ ವಿಸ್ತೀರ್ಣ, ಜೋಳಕ್ಕೆ ತಲೆ ಎಣಿಕೆ!

ಜೋಳವನ್ನೇ ನೋಡೋಣ. ಕೋಳಿಯಿಂದ ಕೊರೊನಾ ಹರಡುತ್ತದೆಂಬ ಆಧಾರವಿಲ್ಲದ ವದಂತಿಯಿಂದ ಕೋಳಿ ಮಾರಾಟ ಕುಸಿದು, ಕೋಳಿ ಆಹಾರಕ್ಕೆ ಹೋಗುತ್ತಿದ್ದ ಜೋಳದ ಬೆಲೆಯೂ ಬಿತ್ತು. (ವದಂತಿಗೆ ತೆರಬೇಕಾದ ಬೆಲೆಯನ್ನು ತರಗತಿಯಲ್ಲಿ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.) 2019-20ರ ಬೆಂಬಲ ಬೆಲೆ ಕ್ವಿಂಟಲಿಗೆ 1,760 ರೂಪಾಯಿ. ರೈತನಿಗೆ ಅದಕ್ಕಿಂತ 500 ರೂಪಾಯಿ ಕಡಿಮೆ ಸಿಕ್ಕಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. 5,000 ರೂಪಾಯಿ 10 ಕ್ವಿಂಟಲಿನ ನಷ್ಟಕ್ಕೆ ಸಮ. ಹೆಕ್ಟೇರಿಗೆ 30 ಕ್ವಿಂಟಲ್ ಇಳುವರಿಯಂತೆ ಅದು ಸುಮಾರು 33 ಗುಂಟೆಯ ಫಸಲು. ಅಷ್ಟು ಜಮೀನಿದ್ದವನಿಗೆ ಪೂರ್ಣ ಪರಿಹಾರ; ಎರಡು ಹೆಕ್ಟೇರಿನವನಿಗೆ ನಷ್ಟದ ಆರನೇ ಒಂದು ಭಾಗ. ಸಣ್ಣ ರೈತನಿಗೆ ಹೆಚ್ಚು ಪಾಲು ಸಿಗುವುದು ನ್ಯಾಯವೆಂದರೆ ಒಪ್ಪುತ್ತೇನೆ. ಆದರೆ ಬೆಲೆ ಬೀಳುವ ಮೊದಲೇ ಮಾರಿ ಮುಗಿಸಿದವನಿಗೂ ಅದೇ 5,000 ಏಕೆ?

ಹೂವಿನ ದರವನ್ನು ಚದರ ಮೀಟರಿಗೆ ಇಳಿಸಿದರೆ 2 ರೂಪಾಯಿ 50 ಪೈಸೆ. ಬಯಲಿನ ಸೇವಂತಿಗೆಗೂ, ಚದರ ಮೀಟರಿಗೆ ನೂರಾರು ರೂಪಾಯಿ ಸುರಿದು ಕಟ್ಟಿದ ಹಸಿರುಮನೆಯ ಗುಲಾಬಿಗೂ ಇದೇ ದರ. 2021ರ ಮೇ ತಿಂಗಳ ಪ್ಯಾಕೇಜಿನಲ್ಲಿ ಇದು ಹೆಕ್ಟೇರಿಗೆ 10,000, ಅಂದರೆ ಚದರ ಮೀಟರಿಗೆ 1 ರೂಪಾಯಿಗೆ ಇಳಿಯಿತು.

ಬೇರೆ ದಾರಿ ಇತ್ತೆ? ಅಮೆರಿಕ 2020ರಲ್ಲಿ ಜನವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಶೇ. 5 ಅಥವಾ ಹೆಚ್ಚು ಬೆಲೆ ಕುಸಿದ ಉತ್ಪನ್ನಗಳನ್ನು ಗುರುತಿಸಿ, ಪ್ರಮಾಣಕ್ಕೆ ತಕ್ಕಂತೆ ಹಣ ಕೊಟ್ಟಿತು. ಏಕಮಾನವೇನೋ ಸರಿ, ಆದರೆ ಮಿತಿ ಒಬ್ಬರಿಗೆ 2,50,000 ಡಾಲರ್ ಆದ್ದರಿಂದ ದೊಡ್ಡ ಜಮೀನ್ದಾರರಿಗೆ ದೊಡ್ಡ ಮೊತ್ತ. ಅದನ್ನು ಹಾಗೆಯೇ ನಕಲು ಮಾಡಿ ಎನ್ನಲಾರೆ. ಪ್ರಮಾಣ ಮತ್ತು ಬೆಲೆ ಇಳಿಕೆ ಅವರಿಂದ, ಕಡಿಮೆ ಮಿತಿ ನಮ್ಮಿಂದ ಬಂದಿದ್ದರೆ ಚೆನ್ನಾಗಿತ್ತು.

ಇನ್ನೊಂದು ದೋಷ ಇದಕ್ಕಿಂತ ಗಂಭೀರ. ಯಾದೃಚ್ಛಿಕ ದೋಷಗಳು ಸರಾಸರಿಯಲ್ಲಿ ತಕ್ಕಮಟ್ಟಿಗೆ ಅಳಿಸಿಹೋಗುತ್ತವೆ. ವ್ಯವಸ್ಥಿತ ದೋಷ ಹಾಗಲ್ಲ, ಸದಾ ಒಂದೇ ಕಡೆಗೆ ವಾಲುತ್ತದೆ. ಫಲಾನುಭವಿಗಳ ಪಟ್ಟಿಗೆ ಆಧಾರವಾದ ಬೆಳೆ ಸಮೀಕ್ಷೆ ಪಹಣಿಗೆ ಜೋಡಿಸಿದ್ದು. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ನಂತರ ಗೇಣಿ ಕಾನೂನುಬಾಹಿರ. ಬಾಯಿಮಾತಿನ ಗೇಣಿ ಮಾತ್ರ ನಿಂತಿಲ್ಲ. ಬೀಜ, ಗೊಬ್ಬರಕ್ಕೆ ಸಾಲ ಮಾಡಿದವನು ಒಬ್ಬ, ಪಹಣಿಯಲ್ಲಿ ಹೆಸರಿರುವವನು ಇನ್ನೊಬ್ಬ. ರೈತರೇ ಬೆಳೆಯ ಚಿತ್ರ ತೆಗೆದು ದಾಖಲಿಸುವ ಆ್ಯಪ್ 2020ರ ಆಗಸ್ಟಿನಲ್ಲಿ ಬಂತು. ಅದರಲ್ಲಿಯೂ ಬೆಳೆ ದಾಖಲಾಗುವುದು ಜಮೀನಿನ ಸರ್ವೆ ನಂಬರಿನ ಮೇಲೆಯೇ.