ಹೊಡೆಯೋದು ನಾನು, ತಿನ್ನೋದು ಅವನು

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಎತ್ತೋಕೆ ಹೋದೆ, ಆಗಲಿಲ್ಲ. ಬಲಮೊಣಕೈಯ ಹೊರಬದಿಯಲ್ಲಿ ಯಾರೋ ಸೂಜಿ ಹಿಡ್ಕೊಂಡು ಕಾಯ್ತಾ ಇದ್ದ ಹಾಗೆ ಚುಚ್ಚಿತು. ಫಿಸಿಯೋಥೆರಪಿಸ್ಟ್ ಹತ್ತಿರ ಹೋದರೆ ಟೆನಿಸ್ ಎಲ್ಬೋ ಅಂದರು. "ನಾನು ಟೆನಿಸ್ ಆಡಲ್ಲ ಮೇಡಂ, ಶಟಲ್ ಆಡೋದು" ಅಂದೆ. "ನಿಮ್ಮ ಮೊಣಕೈಗೆ ಅದು ಗೊತ್ತಿಲ್ಲ" ಅಂದರು. ಆಮೇಲೆ ಕೇಳಿದ್ದು: "ಇತ್ತೀಚೆಗೆ ರ್ಯಾಕೆಟ್ ಬದಲಾಯಿಸಿದ್ರಾ?"

ಬದಲಾಯಿಸಿದ್ದೆ. ಬೋನಸ್ ಬಂದ ವಾರವೇ ಹದಿನಾಲ್ಕು ಸಾವಿರ ಕೊಟ್ಟು ತಲೆಭಾರದ, ಬಿಲ್ಕುಲ್ ಬಾಗದ ಶಾಫ್ಟಿನ ಒಂದು ಕಪ್ಪು ಸುಂದರಿಯನ್ನ ತಂದಿದ್ದೆ. ಅದಕ್ಕೆ 28 ಪೌಂಡ್ ಗಟ್ಟಿಂಗ್ ಬೇರೆ. ಯಾಕೆ 28? ಟೀವಿಯಲ್ಲಿ ಆಡೋರು ಅಷ್ಟು ಹಾಕಿಸ್ತಾರೆ ಅಂತ.

ಅಂಗಡಿಯಲ್ಲಿ ಹುಡುಗ ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಸ್ಟೈಲ್ ಏನು ಸರ್?" ನಾನು "ಅಟ್ಯಾಕಿಂಗ್" ಅಂದೆ. ಯೋಚನೆ ಮಾಡಿ, ಅಂಗಡಿಯಲ್ಲಿ ನಿಂತು, ಹಿಂದೆ ನಾಲ್ಕು ಜನ ಇರುವಾಗ, "ನಾನು ಡಿಫೆನ್ಸಿವ್ ಕಣಪ್ಪಾ" ಅಂತ ಯಾವ ಗಂಡಸು ಹೇಳ್ತಾನೆ? ಹುಡುಗ ಗೋಡೆಯ ಚಾರ್ಟ್ ತೋರಿಸಿದ. ನೀವೂ ನೋಡಿರ್ತೀರಿ. ತಲೆಭಾರ ಇದ್ದರೆ ಅಟ್ಯಾಕ್, ತಲೆ ಹಗುರ ಇದ್ದರೆ ಡಿಫೆನ್ಸ್, ಸಮತೂಕ ಇದ್ದರೆ ಆಲ್‌ರೌಂಡ್. ನನ್ನ ತಕರಾರು ಈ ಚಾರ್ಟಿನ ಮೇಲೆ.

ಚಾರ್ಟ್ ಪೂರ್ತಿ ಸುಳ್ಳು ಅಂತಲ್ಲ. ಒಂದು ಸುತ್ತಿಗೆಯನ್ನ ಹಿಡಿಯ ತುದಿಯಲ್ಲಿ ಹಿಡಿದು ಬೀಸಿ. ಆಮೇಲೆ ಅದನ್ನೇ ಉಲ್ಟಾ ಮಾಡಿ, ಕಬ್ಬಿಣವನ್ನ ಕೈಲಿ ಹಿಡಿದು ಬೀಸಿ. ತೂಕ ಅದೇ, ಆದರೆ ಎರಡನೇ ಸಲ ಕೋಲಿನ ಹಾಗೆ ಹಾರುತ್ತೆ. ರ್ಯಾಕೆಟ್ಟೂ ಹಾಗೇ. ಭಾರ ತಲೆಯ ಕಡೆ ಹೋದಷ್ಟೂ ಹೊಡೆತಕ್ಕೆ ದಮ್ಮು ಬರುತ್ತೆ, ಆದರೆ ಬೀಸೋದಕ್ಕೆ ಶುರು ಮಾಡೋದು ಕಷ್ಟ. ಶಾಫ್ಟ್ ಗಟ್ಟಿ ಇದ್ದರೆ ಹೊಡೆತ ಕರಾರುವಾಕ್ಕು, ಆದರೆ ಅದನ್ನ ಬಗ್ಗಿಸೋಷ್ಟು ವೇಗ ನಮ್ಮ ಮಣಿಕಟ್ಟಿನಲ್ಲಿ ಇರಬೇಕು. ಇಲ್ಲದಿದ್ದರೆ ಶಾಫ್ಟಿನಿಂದ ಸಿಗಬೇಕಾದ ಸಹಾಯ ಸಿಗಲ್ಲ, ಉಳಿದ ಕೆಲಸವನ್ನ ಮೊಣಕೈ ಮಾಡುತ್ತೆ. ಇಷ್ಟನ್ನ ಚಾರ್ಟ್ ಹೇಳಲ್ಲ.

ಇನ್ನೂ ಮಜಾ ಅಂದರೆ ಚಾರ್ಟಿನ ದೇವರುಗಳೇ ಚಾರ್ಟಿಗೆ ಬಗ್ಗಲ್ಲ. 2023ರಲ್ಲಿ ನಮ್ಮ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಜಪಾನಿನ ಸೋಕಾದಲ್ಲಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರಲ್ಲ, 2013ರ 493 ಕಿ.ಮೀ. ದಾಖಲೆ ಮುರಿದದ್ದು, ಅವತ್ತು ಅವರ ಕೈಲಿದ್ದದ್ದು ಯೋನೆಕ್ಸ್ ನ್ಯಾನೋಫ್ಲೇರ್ 1000ಝಡ್. ತಲೆ ಹಗುರದ ರ್ಯಾಕೆಟ್! (ಅದು ಪಂದ್ಯದಲ್ಲಿ ಅಲ್ಲ, ಕಂಪನಿಯ ಕಾರ್ಖಾನೆಯ ಜಿಮ್ನೇಶಿಯಮ್ಮಿನಲ್ಲಿ, ಅದು ಬೇರೆ ಮಾತು.) ಇನ್ನೊಂದು ಕಡೆ ಕೆಂಟೊ ಮೊಮೊಟಾ. ರ‍್ಯಾಲಿಯನ್ನ ಎಳೆದೂ ಎಳೆದೂ ಎದುರಾಳಿಯ ತಾಳ್ಮೆಯನ್ನ ತಿಂದು ಗೆಲ್ಲುತ್ತಿದ್ದ ಮನುಷ್ಯ, 2019 ಒಂದೇ ವರ್ಷ 11 ಪ್ರಶಸ್ತಿ ಗೆದ್ದವರು. ಅವರು ಹಿಡಿದದ್ದು ಆಸ್ಟ್ರಾಕ್ಸ್ 99, ಅಟ್ಯಾಕ್ ಅಂತ ಮಾರುವ ತಲೆಭಾರದ ರ್ಯಾಕೆಟ್. ಅಂಗಡಿಯ ಹುಡುಗ ಇವರಿಬ್ಬರಿಗೂ ರ್ಯಾಕೆಟ್ ಅದಲು ಬದಲು ಮಾಡಿ ಕೊಡ್ತಿದ್ದ.

ಅಂಕಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಇಂಜಿನಿಯರ್‌ಗಳಿಗೆ ಇದು ಇಷ್ಟ ಆಗುತ್ತೆ. 4ಯು ಅಂದರೆ 80ರಿಂದ 84 ಗ್ರಾಂ, 3ಯು ಅಂದರೆ 85ರಿಂದ 89. ಅದರ ಜೊತೆ ಬ್ಯಾಲೆನ್ಸ್ ಪಾಯಿಂಟ್ ಅಂತ ಒಂದು ಕೊಡ್ತಾರೆ, ಹಿಡಿಯ ಬುಡದಿಂದ ಇಷ್ಟು ಮಿಲಿಮೀಟರ್ ಅಂತ. ಕೈ ನೋಯೋಕೆ ಶುರುವಾದಾಗ ನಾನು ಬುದ್ಧಿವಂತಿಕೆ ಮಾಡಿದೆ. ಹಿಡಿಗೆ ಇನ್ನೊಂದು ಗ್ರಿಪ್ ಸುತ್ತಿದೆ. ಐದು ಗ್ರಾಂ ಇರಬಹುದು. ಲೆಕ್ಕ ಹಾಕಿದರೆ ಅಷ್ಟಕ್ಕೇ ಬ್ಯಾಲೆನ್ಸ್ ಪಾಯಿಂಟ್ ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿಯುತ್ತೆ. ಚಾರ್ಟಿನ ಪ್ರಕಾರ ನನ್ನ ರ್ಯಾಕೆಟ್ ತಲೆಭಾರದಿಂದ ಸಮತೂಕಕ್ಕೆ ಬಂತು! ಕೈಗೆ ಮಾತ್ರ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗುತ್ತೆ ಹೇಳಿ? ತಲೆಯಲ್ಲಿದ್ದ ಭಾರ ತಲೆಯಲ್ಲೇ ಇದೆ, ನಾನು ಸೇರಿಸಿದ್ದು ಮುಷ್ಟಿಯೊಳಗೆ. ಬೀಸುವಾಗ ಎಳೆಯೋದು ತಲೆಯ ಭಾರ, ಮುಷ್ಟಿಯದ್ದಲ್ಲ. ಡಬ್ಬದ ಮೇಲೆ ಅಚ್ಚು ಹಾಕೋಕೆ ಸುಲಭವಾದ ಅಂಕಿ ಒಂದು, ನಮ್ಮ ಕೈಗೆ ಬೇಕಾದ ಅಂಕಿ ಇನ್ನೊಂದು.

ಕೈ ನೋವಿನಿಂದ ಮೂರು ವಾರ ರಜೆ ಸಿಕ್ಕಿತಲ್ಲ, ಆಗ ಕೂತು ಒಂದು ಹಳೇ ವಿಡಿಯೋ ನೋಡಿದೆ. ರೀಲ್ ಮಾಡೋಣ ಅಂತ ಫೋನನ್ನ ಬ್ಯಾಗಿಗೆ ಒರಗಿಸಿ ತೆಗೆದದ್ದು, ಒಂದು ಪೂರ್ತಿ ಗೇಮ್. ನನ್ನ ಹೊಡೆತಗಳನ್ನ ಎಣಿಸಿದೆ. ಒಟ್ಟು 96. ಅದರಲ್ಲಿ ಸ್ಮ್ಯಾಶ್ 17. ಆ ಹದಿನೇಳರಲ್ಲಿ ಪಾಯಿಂಟ್ ಬಂದದ್ದು ಮೂರು, ನೆಟ್ಟಿಗೋ ಹೊರಕ್ಕೋ ಹೋದದ್ದು ಐದು, ಮಿಕ್ಕ ಒಂಬತ್ತು ವಾಪಸ್ ಬಂದವು. ಉಳಿದ 79 ಹೊಡೆತಗಳು ಏನಪ್ಪಾ ಅಂದರೆ ಎತ್ತಿ ಹಾಕಿದ್ದು, ತಳ್ಳಿದ್ದು, ನೆಟ್ ಹತ್ತಿರ ತಡಕಾಡಿದ್ದು, ಮೈಗೆ ಬಂದದ್ದನ್ನ ಹೇಗೋ ಆಚೆ ದಾಟಿಸಿದ್ದು. ಇದು ನನ್ನ ಸ್ಟೈಲ್. ಹದಿನಾಲ್ಕು ಸಾವಿರ ಕೊಟ್ಟದ್ದು ಆ ಮೂರಕ್ಕೆ.

ಆ ವಾಪಸ್ ಬಂದ ಒಂಬತ್ತನ್ನ ಮತ್ತೆ ಮತ್ತೆ ನೋಡಿದೆ. ನಾನು ಹಿಂದಿನಿಂದ ಜೋರಾಗಿ ಹೊಡೀತೀನಿ, ಅಂದರೆ ಜೋರು ಅಂತ ನನಗನ್ನಿಸುತ್ತೆ. ಶಟಲ್ ಅರ್ಧ ದಾರಿಯಲ್ಲೇ ಸೊರಗಿ ಎದುರಾಳಿಯ ಹೊಟ್ಟೆಯ ಎತ್ತರಕ್ಕೆ ನಿಧಾನವಾಗಿ ತಲುಪುತ್ತೆ. ಅವನು ಅದನ್ನ ಚಪ್ಪಟೆಯಾಗಿ ತಳ್ಳಿದರೆ ಸೀದಾ ನೆಟ್ ಹತ್ತಿರ ನಿಂತಿರೋ ನನ್ನ ಜೊತೆಗಾರನ ಎದೆಗೆ. ನಾನು ಆಗ ಇನ್ನೂ ಆ ಭಾರದ ತಲೆಯನ್ನ ಸೊಂಟದ ಕೆಳಗಿನಿಂದ ಮೇಲೆತ್ತುತ್ತಾ ಇರ್ತೀನಿ. ನಾಲ್ಕು ವರ್ಷದಿಂದ ಮಂಗಳವಾರ, ಗುರುವಾರ ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ಜೊತೆಗೆ ಆಡೋದು. ಹೊಸ ರ್ಯಾಕೆಟ್ ಬಂದ ಮೇಲೆ ಅವನು ಎರಡು ಗುರುವಾರ "ಆಫೀಸ್ ಕಾಲ್ ಇದೆ" ಅಂದಿದ್ದ. ಬೆಳಿಗ್ಗೆ ಆರಕ್ಕೆ ಎಂಥಾ ಕಾಲ್ ಅಂತ ನಾನು ಕೇಳಿರಲಿಲ್ಲ.

ಈಗ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಲೋ ಮಗಾ, ಬೇಜಾರ್ ಮಾಡ್ಕೋಬೇಡ. ಹೊಡೆಯೋದು ನೀನು, ತಿನ್ನೋದು ನಾನು. ಆ ಕಡೆ ಕೋರ್ಟಿನವರು ಕರೀತಿದ್ರು, ಹೋಗ್ತಿದ್ದೆ" ಅಂದ.

ನಾವು ಬೆಂಗಳೂರಿನವರಾಗಿ ಇದನ್ನ ಮರೀಬಾರದಿತ್ತು. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. ಕಿಂಗ್ ಅಂದರೆ ಜಂಪ್ ಸ್ಮ್ಯಾಶ್. ಪ್ರಕಾಶ್ ಅವರ ಬಂಡವಾಳ ನಿಧಾನದ ಟಾಸ್, ಡ್ರಾಪ್, ಕೊನೇ ಕ್ಷಣದವರೆಗೂ ಗುಟ್ಟು ಬಿಟ್ಟುಕೊಡದ ಮಣಿಕಟ್ಟು. ಆಟವನ್ನೇ ನಿಧಾನ ಮಾಡಿ ಎದುರಾಳಿಯ ಸ್ಮ್ಯಾಶಿಗೆ ಕೆಲಸ ಇಲ್ಲದ ಹಾಗೆ ಮಾಡಿದ್ದು. ಇದಕ್ಕೆ ಚಾರ್ಟಿನಲ್ಲಿ ಯಾವ ಖಾನೆ? ಡಿಫೆನ್ಸ್ ಅಂತ ಬರೆದರೆ ನಗು ಬರುತ್ತೆ.

ಅಂಗಡಿಯವರು ಡಬಲ್ಸನ್ನೂ ಬಿಟ್ಟಿಲ್ಲ. ಮುಂದೆ ಆಡೋರಿಗೆ ಆಸ್ಟ್ರಾಕ್ಸ್ 88ಎಸ್, ಹಿಂದೆ ಆಡೋರಿಗೆ 88ಡಿ ಅಂತ ಜೋಡಿ ಇದೆ. ಒಳ್ಳೇ ಯೋಚನೆಯೇ. ಆದರೆ ನಮ್ಮ ಕೋರ್ಟಿನಲ್ಲಿ ಮುಂದೆ ಯಾರು, ಹಿಂದೆ ಯಾರು ಅನ್ನೋದು ಯಾರಿಗೆ ಉಸಿರು ಉಳಿದಿದೆ ಅನ್ನೋದರ ಮೇಲೆ ನಿರ್ಧಾರ ಆಗೋದು.

ಮೊಣಕೈ ಸುಧಾರಿಸಿದ ಮೇಲೆ ಬೇರೆ ಅಂಗಡಿಗೆ ಹೋದೆ. ಈ ಸಲ ಸ್ಟೈಲ್ ಹೇಳಲಿಲ್ಲ. ಡಬಲ್ಸ್, ವಾರಕ್ಕೆರಡು ಸಲ, ವಯಸ್ಸು 33, ದಿನವಿಡೀ ಕೀಬೋರ್ಡು, ಮೂರನೇ ಗೇಮಿನಲ್ಲಿ ಬ್ಯಾಕ್‌ಹ್ಯಾಂಡ್ ಯಾವಾಗಲೂ ಲೇಟು, ಇಷ್ಟು ಹೇಳಿದೆ. ಡಾಕ್ಟರ್ ಹತ್ತಿರ ಹೇಳೋ ಹಾಗೆ. ಅಂಗಡಿಯವರು 4ಯು, ಸಮತೂಕ, ಸುಮಾರಾಗಿ ಬಾಗುವ ಶಾಫ್ಟಿನ ಒಂದನ್ನ ಕೊಟ್ಟು 23 ಪೌಂಡ್ ಹಾಕಿದರು. ನಾಲ್ಕು ಸಾವಿರದ ಒಳಗೆ ಮುಗೀತು. ನಿಜ ಹೇಳಬೇಕಂದ್ರೆ ಸ್ಮ್ಯಾಶಿನ ಸದ್ದು ಮೊದಲಿನ ಹಾಗೆ ಬರಲ್ಲ, ಆ 'ಠಪ್' ಇಲ್ಲ. ಅದೊಂದು ಈಗಲೂ ಹೊಟ್ಟೆ ಉರಿ. ಆದರೆ ಹೊಡೆದ ಮೇಲೆ ರ್ಯಾಕೆಟ್ ವಾಪಸ್ ಮೇಲಕ್ಕೆ ಬರುತ್ತೆ, ನಾನೂ ಅದರ ಜೊತೆ ಒಂದು ಹೆಜ್ಜೆ ಮುಂದೆ ಬರ್ತೀನಿ. ಕಳೆದ ಎರಡು ಗುರುವಾರ ಜೊತೆಗಾರನಿಗೆ ಆಫೀಸ್ ಕಾಲ್ ಇರಲಿಲ್ಲ.

ಕಪ್ಪು ಸುಂದರಿಯನ್ನ ಅಪಾರ್ಟ್‌ಮೆಂಟ್ ವಾಟ್ಸ್ಯಾಪ್ ಗುಂಪಿನಲ್ಲಿ ಮಾರಾಟಕ್ಕೆ ಹಾಕಿದೆ. ಏನು ಬರೀಬೇಕು ಅಂತ ಐದು ನಿಮಿಷ ಯೋಚಿಸಿ ಕೊನೆಗೆ "ಅಟ್ಯಾಕಿಂಗ್ ಆಟಗಾರರಿಗೆ ಸೂಕ್ತ" ಅಂತಲೇ ಬರೆದೆ. ಇಪ್ಪತ್ತು ನಿಮಿಷದಲ್ಲಿ ಸಿ ಬ್ಲಾಕಿನ ಹುಡುಗ ಬಂದ. ಸಿಂಗಲ್ಸಾ ಡಬಲ್ಸಾ, ಎಷ್ಟು ದಿನದಿಂದ ಆಡ್ತೀಯ, ಮೊಣಕೈ ಹೇಗಿದೆ ಅಂತೆಲ್ಲ ವಿಚಾರಿಸಿದೆ. ಗಟ್ಟಿಂಗ್ ಕಟ್ ಮಾಡಿಸಿ ಕಮ್ಮಿ ಪೌಂಡಿಗೆ ಹಾಕಿಸ್ಕೋ ಅಂದೆ. ಅವನು ಎಲ್ಲದಕ್ಕೂ "ಹೂಂ ಅಣ್ಣ" ಅಂತಿದ್ದ, ಕಣ್ಣು ಮಾತ್ರ ರ್ಯಾಕೆಟ್ ಮೇಲೇ ಇತ್ತು. ಲಿಫ್ಟಿನ ಎದುರು ನಿಂತು ಗಾಳಿಯಲ್ಲಿ ಎರಡು ಸಲ ಬೀಸಿದ.

"ಅಣ್ಣ, ಸ್ಮ್ಯಾಶಿಗೆ ಸಖತ್ತಾಗಿದೆ ಅಲ್ವಾ?" ಅಂದ.