ಮೊಲದ ಕಥೆಯನ್ನು ಹೇಳುವವರು ಯಾರು?

ಪ್ರಾಣಿಕಥೆಗಳ ಲೋಕದಲ್ಲಿ ಸಿಂಹಕ್ಕೆ ಬಲವಿದೆ, ನರಿಗೆ ಕುಟಿಲತೆಯಿದೆ. ಮೊಲಕ್ಕೆ ಇರುವುದು ಉದ್ದವಾದ ಕಿವಿ ಮತ್ತು ಓಡುವ ಕಾಲು ಮಾತ್ರ. ಅವೆರಡೂ ಭಯದ ಅಂಗಗಳೇ. ಇಂತಹ ಪ್ರಾಣಿ ಅನೇಕ ಭಾಷೆಗಳ ಕಥಾಸಾಹಿತ್ಯದಲ್ಲಿ ನಾಯಕಸ್ಥಾನವನ್ನು ಪಡೆದಿರುವುದು ಮೇಲುನೋಟಕ್ಕೆ ವಿಚಿತ್ರವಾಗಿ ತೋರಬಹುದು. ದುರ್ಬಲನು ಬುದ್ಧಿಯಿಂದ ಗೆಲ್ಲುತ್ತಾನೆಂಬ ನೀತಿಯೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಸಮಾಧಾನ ಸುಳ್ಳಲ್ಲ, ಆದರೆ ಸಾಲದು. ಒಂದೇ ಕಥೆ ಮಂತ್ರಿಯ ಬಾಯಲ್ಲಿ ಒಂದು ಅರ್ಥವನ್ನೂ ಗುಲಾಮನ ಬಾಯಲ್ಲಿ ಮತ್ತೊಂದು ಅರ್ಥವನ್ನೂ ಕೊಡುತ್ತದೆ. ಆದುದರಿಂದ ಮೊಲ ಏನು ಮಾಡಿತೆಂಬುದರ ಜೊತೆಗೆ, ಅದರ ಕಥೆಯನ್ನು ಯಾರು ಯಾರಿಗೆ ಹೇಳುತ್ತಿದ್ದಾರೆಂಬುದನ್ನೂ ವಿಮರ್ಶಕನು ಕೇಳಬೇಕಾಗುತ್ತದೆ.

ಕನ್ನಡ ಓದುಗನು ಬಾಲ್ಯದಲ್ಲಿಯೇ ಪರಿಚಯ ಮಾಡಿಕೊಂಡ ಮೊಲ ಪಂಚತಂತ್ರದ್ದು. ಸರದಿಯ ಆಹಾರವಾಗಿ ಸಿಂಹದ ಬಳಿಗೆ ಹೊರಟ ಆ ಸಣ್ಣ ಪ್ರಾಣಿಯ ಮೊದಲನೆಯ ಅಸ್ತ್ರ ಸುಳ್ಳಲ್ಲ, ವಿಳಂಬ. ಬೇಕೆಂದೇ ತಡಮಾಡಿ ಹೋಗುತ್ತದೆ. ಹಸಿದವನು ಕಾದಷ್ಟೂ ಕೋಪಗೊಳ್ಳುತ್ತಾನೆ. ಕೋಪಗೊಂಡವನು ಬಾವಿಯೊಳಗೆ ಕಂಡದ್ದು ಬಿಂಬವೋ ಶತ್ರುವೋ ಎಂದು ಪರೀಕ್ಷಿಸುವುದಿಲ್ಲ. ಕಾಕೋಲೂಕೀಯದ ವಿಜಯನೆಂಬ ಮೊಲದ ಉಪಾಯ ಇನ್ನೂ ಸೂಕ್ಷ್ಮ. ಸರೋವರಕ್ಕೆ ಬಂದ ಆನೆಗಳ ಹಿಂಡಿನ ಕಾಲ್ತುಳಿತಕ್ಕೆ ಮೊಲಗಳ ಕುಲವೇ ನಾಶವಾಗುತ್ತಿರುವಾಗ ಅವನು ಆನೆಗೆ ನಿಲುಕದ ಸ್ಥಳವೊಂದರಲ್ಲಿ ನಿಂತು, ತಾನು ಚಂದ್ರನ ದೂತನೆಂದು ಸಾರುತ್ತಾನೆ. ಚಂದ್ರನಿಗೆ ಶಶಾಂಕನೆಂಬ ಹೆಸರಿದೆಯಲ್ಲವೆ? ಆ ಹೆಸರೇ ಅವನ ಅಧಿಕಾರಪತ್ರ. ನೀರಿನಲ್ಲಿ ನಡುಗುವ ಚಂದ್ರಬಿಂಬವನ್ನು ಕಂಡು, ದೇವರು ಸಿಟ್ಟಾಗಿದ್ದಾನೆಂದು ಗಜರಾಜನು ಪ್ರಣಾಮ ಮಾಡಿ ಹಿಂದಿರುಗುತ್ತಾನೆ. ಎರಡು ಕಥೆಗಳಲ್ಲಿಯೂ ಬಲಿಷ್ಠನನ್ನು ಸೋಲಿಸುವುದು ನೀರಿನಲ್ಲಿ ಕಂಡ ಒಂದು ಬಿಂಬ. ಆದರೆ ಒಂದರಲ್ಲಿ ಅವನ ಅಹಂಕಾರ ಅವನನ್ನು ಕೊಲ್ಲುತ್ತದೆ, ಇನ್ನೊಂದರಲ್ಲಿ ಅವನ ಭಕ್ತಿ ಅವನನ್ನು ಬದುಕಿಸುತ್ತದೆ. ಎರಡನೆಯದು ಹೆಚ್ಚು ನಾಗರಿಕವಾದ ಕಥೆ.

ಹೀಗಿದ್ದರೂ ಈ ಮೊಲಗಳು ತಮ್ಮ ಕಥೆಯನ್ನು ತಾವು ಹೇಳಿಕೊಳ್ಳುತ್ತಿಲ್ಲ. ಸಿಂಹ ಮತ್ತು ಮೊಲದ ಕಥೆಯನ್ನು ಹೇಳುವವನು ದಮನಕನೆಂಬ ನರಿ. ಹೇಳುವ ಸಂದರ್ಭ, ಇಬ್ಬರು ಸ್ನೇಹಿತರನ್ನು ಒಡೆಯುವ ಸಂಚು. ಚಂದ್ರಸರೋವರದ ಕಥೆಯನ್ನು ಹೇಳುವುದು, ಗೂಬೆಗೆ ಪಟ್ಟ ಕಟ್ಟಬಾರದೆಂದು ಪಕ್ಷಿಗಳ ಸಭೆಯಲ್ಲಿ ವಾದಿಸುವ ಕಾಗೆ. ಗ್ರಂಥವೇ ರಾಜಕುಮಾರರ ಶಿಕ್ಷಣಕ್ಕಾಗಿ ಹುಟ್ಟಿದ್ದು. ಹನ್ನೊಂದನೆಯ ಶತಮಾನದಲ್ಲಿ ಅದನ್ನು ಕನ್ನಡಕ್ಕೆ ಚಂಪುವಾಗಿ ತಂದ ದುರ್ಗಸಿಂಹನಾದರೂ ಚಾಲುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ದುರ್ಬಲನ ಯುಕ್ತಿ ಇಲ್ಲಿ ಆಳುವವರ ಪಾಠ್ಯವಿಷಯ. ಕಥೆ ಮುಗಿದೊಡನೆ ಮೊಲ ಮರೆಗೆ ಸರಿಯುತ್ತದೆ, ಶ್ಲೋಕ ಉಳಿಯುತ್ತದೆ.

ಶಶಜಾತಕದ ಮೊಲ ಬೇರೆಯೇ ಜಾತಿಯದು. ಬ್ರಾಹ್ಮಣವೇಷದಿಂದ ಬಂದ ಶಕ್ರನಿಗೆ ನೀರುನಾಯಿ ಮೀನನ್ನೂ ಕಪಿ ಮಾವಿನ ಹಣ್ಣನ್ನೂ ಕೊಡಬಲ್ಲವು. ಹುಲ್ಲು ತಿನ್ನುವ ಮೊಲಕ್ಕೆ ಅತಿಥಿಗೆ ಕೊಡಲು ತನ್ನ ದೇಹದ ಹೊರತು ಬೇರೇನೂ ಇಲ್ಲ. ಅದು ಬೆಂಕಿಗೆ ಹಾರುವ ಮೊದಲು ಮೂರು ಸಲ ಮೈಕೊಡವುತ್ತದೆ. ರೋಮದೊಳಗಿನ ಕ್ರಿಮಿಗಳು ತನ್ನೊಡನೆ ಸುಡಬಾರದೆಂದು. ತ್ಯಾಗದ ಮಹಿಮೆಯನ್ನು ವರ್ಣಿಸುವ ಕಾವ್ಯಗಳು ನೂರಾರಿವೆ. ಈ ಮೈಕೊಡವುವ ಕ್ರಿಯೆಯಂತಹ ವಿವರ ಅವುಗಳಲ್ಲಿ ವಿರಳ. ತನ್ನನ್ನು ಕೊಟ್ಟುಕೊಳ್ಳುವ ಹಕ್ಕು ತನಗುಂಟು, ಇತರರನ್ನು ಕೊಡುವ ಹಕ್ಕಿಲ್ಲ ಎಂಬ ವಿವೇಕವನ್ನು ಜಾತಕಕಾರನು ಉಪದೇಶಿಸದೆ ತೋರಿಸಿಬಿಟ್ಟಿದ್ದಾನೆ. ಬೆಂಕಿ ತಂಪಾಗುತ್ತದೆ, ಶಕ್ರನು ಪರ್ವತವನ್ನು ಹಿಂಡಿ, ಆ ರಸದಿಂದ ಚಂದ್ರನ ಮೇಲೆ ಮೊಲದ ಚಿತ್ರವನ್ನು ಬರೆಯುತ್ತಾನೆ. ಇದನ್ನು ಹೇಳುತ್ತಿರುವವನು ಬುದ್ಧ. ಹೇಳುತ್ತಿರುವುದು ತನ್ನದೇ ಪೂರ್ವಜನ್ಮದ ವೃತ್ತಾಂತ. ಇಲ್ಲಿ ಮೊಲಕ್ಕೆ ಬಾಯಿ ಬಂದಿದೆ, ಆದರೆ ಅದು ಮೊಲವಾಗಿ ಉಳಿದಿಲ್ಲ.

ಕನ್ನಡದ ‘ಮೊಲ’ ಎಂಬ ಒಂದೇ ಮಾತು ಎರಡು ಪ್ರಾಣಿಗಳನ್ನು ಒಳಗೊಳ್ಳುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಕಾಡುಮೊಲ ಬಯಲಿನಲ್ಲಿ, ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಮಲಗುವ ಪ್ರಾಣಿ. ಆಂಗ್ಲರು ‘ರ್‍ಯಾಬಿಟ್’ ಎನ್ನುವುದು ಬಿಲ ತೋಡಿ, ಬಿಲಕ್ಕೆ ಬಿಲ ಕೂಡಿಸಿ, ಗುಂಪಾಗಿ ಬಾಳುವ ಪ್ರಾಣಿ. ಭಾರತದ ಕಾಡುಗಳಲ್ಲಿ ಅದಿಲ್ಲ. (ಚಂದ್ರಸರೋವರದ ಮೊಲಗಳಿಗೆ ಪಂಚತಂತ್ರವು ಬಿಲಗಳನ್ನು ಕೊಟ್ಟಿದೆ, ಕವಿಸಮಯವೆಂದು ಸುಮ್ಮನಿರಬಹುದು.) ನಮ್ಮ ಕಥೆಗಳ ಮೊಲ ಪ್ರಾಯಶಃ ಏಕಾಂಗಿಯಾಗಿರುವುದಕ್ಕೂ ಇದಕ್ಕೂ ಸಂಬಂಧವಿದ್ದೀತು. ವಿಜಯನಗರದ ಸ್ಥಾಪನೆಯ ಐತಿಹ್ಯದಲ್ಲಿ ಬೇಟೆನಾಯಿಗಳನ್ನು ಅಟ್ಟಿಸಿಕೊಂಡು ಹೋದ ಮೊಲವೂ ಒಂಟಿಯೇ. ಅದು ನೆಲದ ಗುಣವನ್ನು ಸೂಚಿಸಿ ಮಾಯವಾಗುತ್ತದೆ. ರಾಜಧಾನಿ ಎದ್ದಮೇಲೆ ಆ ಮೊಲ ಏನಾಯಿತೆಂದು ಯಾರೂ ಕೇಳಿದಂತಿಲ್ಲ.

ಅಮೆರಿಕದ ದಕ್ಷಿಣ ಪ್ರಾಂತಗಳ ‘ಬ್ರೆರ್ ರ್‍ಯಾಬಿಟ್’, ಅಂದರೆ ಮೊಲಣ್ಣನ ಕಥೆಗಳಲ್ಲಿ ಹೇಳುವವನ ಪ್ರಶ್ನೆ ತೀಕ್ಷ್ಣವಾಗುತ್ತದೆ. ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರು ತಮ್ಮ ಗುಡಿಸಲುಗಳಲ್ಲಿ ಹೇಳಿಕೊಳ್ಳುತ್ತಿದ್ದ ಕಥೆಗಳಿವು. ಒಡೆಯನ ಚಾವಟಿಯ ಕೆಳಗೆ ದುಡಿಯುವವನಿಗೆ, ನರಿಯನ್ನೂ ತೋಳವನ್ನೂ ಮೂರ್ಖರನ್ನಾಗಿಸುವ ಮೊಲದ ಕಥೆ ಕೇವಲ ವಿನೋದವಾಗಿರಲಾರದು. ಈ ಮೊಲ ಸಾಧುವಲ್ಲ; ಕಳ್ಳ, ಸುಳ್ಳ, ಕೆಲವೊಮ್ಮೆ ಕ್ರೂರಿ. ಡಾಂಬರಿನ ಗೊಂಬೆಯ ಪ್ರಸಂಗವನ್ನು ನೋಡಬಹುದು. ದಾರಿಯಲ್ಲಿ ಕುಳಿತ ಗೊಂಬೆ ತನ್ನ ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡಲಿಲ್ಲವೆಂದು ಮೊಲಣ್ಣ ಸಿಟ್ಟಿಗೆದ್ದು ಗುದ್ದುತ್ತಾನೆ. ಕೈ, ಕಾಲು, ಕೊನೆಗೆ ತಲೆಯೂ ಅಂಟಿಕೊಳ್ಳುತ್ತವೆ. ಇತರರನ್ನು ಮೋಸಗೊಳಿಸುವವನು ತನ್ನ ಮಾನದ ಹುಚ್ಚಿನಿಂದ ತಾನೇ ಮೋಸಹೋಗುತ್ತಾನೆ. ಬಳಿಕ ಬಿಡುಗಡೆ ಮಾತಿನಿಂದಲೇ: ಏನು ಬೇಕಾದರೂ ಮಾಡು, ಮುಳ್ಳುಪೊದೆಯೊಳಗೆ ಮಾತ್ರ ಎಸೆಯಬೇಡವೆಂದು ನರಿಯನ್ನು ಅಂಗಲಾಚುತ್ತಾನೆ, ಅದು ಅವನ ಹುಟ್ಟೂರು. ಬೌದ್ಧರ ಪಂಚಾವುಧಜಾತಕದಲ್ಲಿ ರಾಜಕುಮಾರನು ಅಂಟುರೋಮದ ಯಕ್ಷನಿಗೆ ಕೈಕಾಲು ತಲೆಗಳಿಂದ ಹೀಗೆಯೇ ಅಂಟಿಕೊಳ್ಳುವುದುಂಟು. ಈ ಸಾಮ್ಯವನ್ನು ಹಿಡಿದು, ಡಾಂಬರಿನ ಗೊಂಬೆಯ ಮೂಲ ಭಾರತವೆಂದು ವಾದಿಸಿದ ಪಾಶ್ಚಾತ್ಯ ವಿದ್ವಾಂಸರಿದ್ದಾರೆ. ಮೂಲ ಯಾವುದಾದರೂ ಇರಲಿ, ರಾಜಕುಮಾರನನ್ನು ಪಾರುಮಾಡುವುದು ಅವನ ನಿರ್ಭಯ. ಮೊಲಣ್ಣನನ್ನು ಪಾರುಮಾಡುವುದು ತನ್ನ ನೆಲದ ಅರಿವು. ಸಂಪತ್ತಿಲ್ಲದವನಿಗೆ ಮುಳ್ಳುಪೊದೆಯೇ ಕೋಟೆ.

ಈ ಕಥೆಗಳನ್ನು ೧೮೮೦ರಲ್ಲಿ ಗ್ರಂಥರೂಪಕ್ಕೆ ತಂದವನು ಜಾರ್ಜಿಯದ ಬಿಳಿಯ ಪತ್ರಕರ್ತ ಜೋಯಲ್ ಚಾಂಡ್ಲರ್ ಹ್ಯಾರಿಸ್. ಆತನ ಶ್ರವಣಶಕ್ತಿ ಅಸಾಧಾರಣವಾದುದು. ಆಡುನುಡಿಯ ಲಯವನ್ನು ಹಿಡಿಯಲು ಆತ ಪಟ್ಟ ಶ್ರಮ ಸ್ತುತ್ಯವಾದುದು. ಆದರೆ ಕಥೆಗಳನ್ನು ಆತನು ಅಂಕಲ್ ರೀಮಸ್ ಎಂಬ ಸಂತೃಪ್ತನಾದ ಮುದುಕನ ಬಾಯಲ್ಲಿಟ್ಟನು. ಕೇಳುವವನು ಒಡೆಯರ ಮನೆಯ ಬಿಳಿಯ ಹುಡುಗ. ಗುಲಾಮರು ಗುಲಾಮರಿಗೆ ಹೇಳಿಕೊಂಡ ಗುಟ್ಟು ಒಡೆಯನ ಮಗುವಿಗೆ ಜೋಗುಳವಾಯಿತು. ಡಿಸ್ನಿ ಸಂಸ್ಥೆಯ ೧೯೪೬ರ ಚಲಚ್ಚಿತ್ರ ‘ಸಾಂಗ್ ಆಫ್ ದಿ ಸೌತ್’ ಆ ಜೋಗುಳಕ್ಕೆ ಬಣ್ಣ ಕಟ್ಟಿತು. ಹ್ಯಾರಿಸನ ಊರಾದ ಈಟನ್‌ಟನ್ನಿನಲ್ಲಿಯೇ ೧೯೪೪ರಲ್ಲಿ ಹುಟ್ಟಿದ ಕರಿಯ ಲೇಖಕಿ ಆಲಿಸ್ ವಾಕರ್, ಆತನು ತಮ್ಮ ಜನದ ಪಿತ್ರಾರ್ಜಿತವನ್ನು ಅಪಹರಿಸಿದನೆಂದು ನೇರವಾಗಿ ಆಪಾದಿಸಿದ್ದುಂಟು. ಆತನು ಬರೆದಿಡದಿದ್ದರೆ ಎಷ್ಟೋ ಕಥೆಗಳು ನಶಿಸುತ್ತಿದ್ದವೆಂಬ ಪ್ರತಿವಾದವೂ ಇದೆ. ಎರಡೂ ನಿಜವಾಗಿರಬಹುದು, ಕಳವಾದ ಒಡವೆ ಕಳ್ಳನ ಪೆಟ್ಟಿಗೆಯಲ್ಲಿಯೇ ಸುರಕ್ಷಿತವಾಗಿ ಉಳಿದುದುಂಟು.

ಆಂಗ್ಲರ ಶಿಶುಸಾಹಿತ್ಯದಲ್ಲಿ ಮೊಲಕ್ಕೆ ಉಡುಪು ಬಂತು. ಲೂಯಿಸ್ ಕ್ಯಾರಲ್ಲನ ಬಿಳಿಯ ಮೊಲ (೧೮೬೫) ವೇಸ್ಟ್‌ಕೋಟಿನ ಜೇಬಿನಿಂದ ಗಡಿಯಾರ ತೆಗೆದು ನೋಡುತ್ತ ಓಡುವ ದರ್ಬಾರಿನ ನೌಕರ. ಮೇಲಿನವರಿಗೆ ಹೆದರಿ, ಮನೆಯ ಸೇವಕಿಯನ್ನು ಗದರಿಸುವ ಈ ಪ್ರಾಣಿ ಯಾವ ಕಚೇರಿಯಲ್ಲಿಯೂ ಅಪರಿಚಿತವಲ್ಲ. ಬಿಯಾಟ್ರಿಕ್ಸ್ ಪಾಟರಳ ಪೀಟರ್ (೧೯೦೨) ಗಾತ್ರದಲ್ಲಿ ಸಣ್ಣದಾದರೂ ಗುಣದಲ್ಲಿ ದೊಡ್ಡದು. ಆ ತೋಟದಲ್ಲಿ ನಿಮ್ಮ ತಂದೆಗೆ ಅಪಘಾತವಾಯಿತು, ಆತನನ್ನು ಪೈ ಎಂಬ ಭಕ್ಷ್ಯ ಮಾಡಿಬಿಟ್ಟರು ಎಂದು ತಾಯಿ ಮಕ್ಕಳಿಗೆ ಬುತ್ತಿಯ ವಿಷಯ ಹೇಳಿದಷ್ಟು ಸಹಜವಾಗಿ ಹೇಳುತ್ತಾಳೆ. ಪೀಟರನು ಷೂಗಳನ್ನು ಕಳೆದುಕೊಂಡ ಮೇಲೆ ನಾಲ್ಕು ಕಾಲುಗಳಲ್ಲಿ ಇನ್ನೂ ವೇಗವಾಗಿ ಓಡುತ್ತಾನೆ. ಗುಂಡಿಗಳ ದೆಸೆಯಿಂದ ಬಲೆಯಲ್ಲಿ ಸಿಕ್ಕಿಕೊಂಡ ಕೋಟನ್ನು ಬಿಟ್ಟುದರಿಂದಲೇ ಬದುಕುತ್ತಾನೆ. ಉಡುಪು ತೊಟ್ಟ ಪ್ರಾಣಿಗಳ ಕಥೆಗಳಲ್ಲಿ ಉಡುಪನ್ನು ಕುರಿತು ಇಷ್ಟು ವಿವೇಕದಿಂದ ಬರೆದವರು ಕಡಮೆ. ೧೯೪೦ರಿಂದ ತೆರೆಯನ್ನಾಳಿದ ಬಗ್ಸ್ ಬನ್ನಿಯಾದರೋ ಮೊಲಣ್ಣನ ವಂಶದವನೇ. ಆದರೆ ಅವನಿಗೆ ಭಯವೇ ಇಲ್ಲ. ಬಂದೂಕಿನ ಮುಂದೆ ಗಜ್ಜರಿ ಕಚ್ಚುತ್ತ ನಿಲ್ಲುವವನ ಜಾಣತನ ನಗಿಸುತ್ತದೆ. ನಕ್ಕ ಮೇಲೆ ಮನಸ್ಸಿನಲ್ಲಿ ಏನೂ ನಿಲ್ಲುವುದಿಲ್ಲ.

ಬಿಲದ ಮೊಲಗಳಿಗೆ ಅವುಗಳದೇ ಭಾಷೆ, ಪುರಾಣ, ಕಥೆಗಾರರನ್ನು ಕೊಟ್ಟ ಕೃತಿ ೧೯೭೨ರಲ್ಲಿ ಬಂದ ‘ವಾಟರ್‌ಷಿಪ್ ಡೌನ್’. ಅದರ ಕರ್ತೃ ರಿಚರ್ಡ್ ಆಡಮ್ಸ್ ಲಂಡನ್ನಿನ ಸರ್ಕಾರಿ ನೌಕರ. ಕಾರಿನ ಪ್ರಯಾಣದಲ್ಲಿ ತನ್ನಿಬ್ಬರು ಹೆಣ್ಣುಮಕ್ಕಳಿಗೆ ಹೇಳಿದ ಕಥೆ ಅದು. ಅನೇಕ ಪ್ರಕಾಶಕರು ತಿರಸ್ಕರಿಸಿದ ಬಳಿಕ ಒಂದು ಸಣ್ಣ ಸಂಸ್ಥೆ ಅದನ್ನು ಅಚ್ಚುಹಾಕಿತು. ಕಥಾವಸ್ತು ವಲಸೆ. ತಮ್ಮ ನೆಲೆಗೆ ವಿನಾಶ ಬರುತ್ತಿದೆಯೆಂದು ಫೈವರ್ ಎಂಬ ಕೃಶವಾದ ಮೊಲಕ್ಕೆ ಹೊಳೆಯುತ್ತದೆ. ಆ ಹೊಲದಲ್ಲಿ ಮನೆ ಕಟ್ಟಿಸುವವರ ಫಲಕ ನೆಟ್ಟಿದೆ, ಮೊಲಗಳಿಗೆ ಓದಲು ಬಾರದು. ನಾಯಕನು ನಂಬುವುದಿಲ್ಲ. ಅಣ್ಣ ಹೇಝಲ್‌ನ ಹಿಂದೆ ಕೆಲವು ಮೊಲಗಳು ರಾತ್ರಿಯಲ್ಲಿ ಹೊರಡುತ್ತವೆ.

ಅವು ಒಯ್ಯುವ ಏಕಮಾತ್ರ ಸಾಮಾನು ಕಥೆ. ಎಲ್-ಅಹ್ರೈರಾ ಎಂಬ ಆದಿಮೊಲನ ಹೆಸರಿಗೆ ಸಾವಿರ ಶತ್ರುಗಳ ರಾಜಕುಮಾರನೆಂದು ಅರ್ಥ. ಅವನ ಶತ್ರುಗಳು ಅವನ ಬಿರುದಿನಲ್ಲಿಯೇ ಇದ್ದಾರೆ. ಮೊಲಗಳಿಗೆ ನಾಲ್ಕರವರೆಗೆ ಮಾತ್ರ ಎಣಿಕೆ ಬರುತ್ತದೆ, ಅದರಾಚೆಗೆಲ್ಲ ‘ಹ್ರೈರ್’. ಅದು ಐದಾದರೂ ಆಗಬಹುದು, ಸಾವಿರವಾದರೂ ಆಗಬಹುದು. ಭಯದಿಂದ ಕಾಲು ಕೀಳಲಾರದೆ ಸ್ತಬ್ಧವಾಗುವ ಸ್ಥಿತಿಗೆ ಆ ಭಾಷೆಯಲ್ಲಿ ಪ್ರತ್ಯೇಕವಾಗಿ ‘ಥಾರ್ನ್’ ಎಂಬ ಶಬ್ದವಿದೆ. ಭಯಕ್ಕೆ ಒಂದು ಶಬ್ದವಿರುವುದರಿಂದಲೇ ಅದನ್ನು ಎದುರಿಸುವುದು ಅವಕ್ಕೆ ಸಾಧ್ಯವಾಗುತ್ತದೆ. ಡ್ಯಾಂಡಿಲಯನ್ ಎಂಬ ಕಥೆಗಾರ ಮೊಲ ಕಥೆ ಹೇಳುವುದು ಹೊತ್ತುಗಳೆಯುವುದಕ್ಕಲ್ಲ. ದಣಿದ, ಹೆದರಿದ ಗುಂಪು ಚದರದಂತೆ ಹಿಡಿದಿಡುವುದಕ್ಕೆ.

ಕೃತಿಯ ಅತ್ಯಂತ ಗಂಭೀರವಾದ ಭಾಗ, ದಾರಿಯಲ್ಲಿ ಸಿಗುವ ಕೌಸ್ಲಿಪ್‌ನ ನೆಲೆ. ಅಲ್ಲಿಯ ಮೊಲಗಳು ದಷ್ಟಪುಷ್ಟವಾಗಿವೆ. ರೈತನು ದಿನವೂ ಗೆಡ್ಡೆಗಳನ್ನು ಎಸೆದುಹೋಗುತ್ತಾನೆ. ನರಿಗಳನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅತಿಥಿಗಳ ಪರವಾಗಿ ಡ್ಯಾಂಡಿಲಯನ್ ಎಲ್-ಅಹ್ರೈರಾನ ತುಂಟಕಥೆಯೊಂದನ್ನು ಹೇಳಿದಾಗ ಆತಿಥೇಯರು ವಿನಯದಿಂದ ಮೆಚ್ಚಿ ಸುಮ್ಮನಾಗುತ್ತಾರೆ. ತಾವು ಹಳೆಯ ಕಥೆಗಳನ್ನು ಅಷ್ಟಾಗಿ ಹೇಳುವುದಿಲ್ಲ ಎನ್ನುತ್ತಾರೆ. ಅವರಲ್ಲಿ ಗೋಡೆಗೆ ಕಲ್ಲೊತ್ತಿ ಮಾಡಿದ ಚಿತ್ರವಿದೆ. ಸಿಲ್ವರ್‌ವೀಡ್ ಎಂಬ ಕವಿಯಿದ್ದಾನೆ. ಅವನ ಕವಿತೆ ಗಾಳಿಯೊಡನೆ, ನೀರಿನೊಡನೆ ಹೊರಟುಹೋಗುವ ಮಾತಾಡುತ್ತದೆ. ಒಂದೇ ಒಂದು ಪ್ರಶ್ನೆ ಮಾತ್ರ ಅಲ್ಲಿ ನಿಷಿದ್ಧ: ಇಂಥವನು ಎಲ್ಲಿ? ಎಂದು ಕೇಳಬಾರದು. ಏಕೆಂದರೆ ಸುತ್ತಲೂ ಉರುಲುಗಳಿವೆ. ರೈತನು ಅವನ್ನು ಮಾಂಸಕ್ಕಾಗಿ ಸಾಕುತ್ತಿದ್ದಾನೆ.

ಉಂಡವರಿಗೆ ಸಂಸ್ಕೃತಿ ಉಳಿಯುವುದಿಲ್ಲವೆಂಬ ಸುಲಭವಾದ ತೀರ್ಪನ್ನು ಆಡಮ್ಸ್ ಕೊಡುವುದಿಲ್ಲ. ಸಿಲ್ವರ್‌ವೀಡ್‌ನ ಕವಿತೆ ಡ್ಯಾಂಡಿಲಯನ್ನನ ಕಥೆಗಿಂತ ಕಲೆಯ ದೃಷ್ಟಿಯಿಂದ ಮೇಲಾದುದು; ಅದರ ಸೌಂದರ್ಯಕ್ಕೆ ಫೈವರ್ ಸೆಳೆಯಲ್ಪಟ್ಟು, ಸೆಳೆಯಲ್ಪಟ್ಟುದಕ್ಕಾಗಿಯೇ ನಡುಗುತ್ತಾನೆ. ಅಲ್ಲಿ ನಶಿಸಿರುವುದು ಕಲೆಯಲ್ಲ, ಉರುಲಿನಿಂದ ತಪ್ಪಿಸಿಕೊಳ್ಳಬಹುದೆಂಬ ಕಲ್ಪನೆ. ಮರಣವನ್ನು ಒಪ್ಪಿಸಿಕೊಡುವ ಸುಂದರವಾದ ಕಾವ್ಯ ಆ ಜಾಗವನ್ನು ಆಕ್ರಮಿಸಿದೆ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ಅನ್ನ ಕಂಡುಕೊಂಡು, ಸಂಜೆಯ ಹೊತ್ತು ಸಂಘದ ಸಭಾಭವನದಲ್ಲಿ ಕೂಡುವ ಕನ್ನಡ ಓದುಗನು ಈ ಅಧ್ಯಾಯದ ಮುಂದೆ ಅರೆಗಳಿಗೆ ನಿಂತರೆ ಆಶ್ಚರ್ಯವಿಲ್ಲ. ಹಳೆಯ ಕಥೆಯನ್ನು ವಿನಯದಿಂದ ಮೆಚ್ಚುವುದಕ್ಕೂ ಅದನ್ನು ಬೇಕೆಂದು ಕೇಳುವುದಕ್ಕೂ ಇರುವ ಅಂತರ ಅವನಿಗೆ ತಿಳಿಯದ್ದೇನಲ್ಲ.

ಬೇಕೆಂದು ಕೇಳುವ ಪ್ರಸಂಗವೂ ಕೃತಿಯಲ್ಲಿದೆ. ಎಫ್ರಾಫ ಎಂಬ ಸರ್ವಾಧಿಕಾರದ ನೆಲೆಯೊಳಗೆ ಒಬ್ಬನೇ ನುಸುಳಬೇಕಾದ ಹಿಂದಿನ ರಾತ್ರಿ ಬಿಗ್‌ವಿಗ್ ಎಂಬ ಜಟ್ಟಿಮೊಲ ಕೇಳಿ ಹೇಳಿಸಿಕೊಳ್ಳುವುದು ತುಂಟಕಥೆಯನ್ನಲ್ಲ, ಮೃತ್ಯುರೂಪಿಯಾದ ಕರಿಮೊಲದ ಕಥೆಯನ್ನು. ತನ್ನ ಜನರ ಪ್ರಾಣಕ್ಕೆ ಬದಲಾಗಿ ತನ್ನ ಪ್ರಾಣವನ್ನು ಕೊಡಲು ಎಲ್-ಅಹ್ರೈರಾ ಮೃತ್ಯುವಿನ ಬಿಲಕ್ಕೆ ಇಳಿಯುತ್ತಾನೆ. ಪಣದಲ್ಲಿ ಬಾಲ, ಮೀಸೆ, ಕೊನೆಗೆ ಕಿವಿಗಳನ್ನೂ ಕಳೆದುಕೊಳ್ಳುತ್ತಾನೆ. ಪಂಚತಂತ್ರದ ಜಾಣನೂ ಜಾತಕದ ದಾನಿಯೂ ಇಲ್ಲಿ ಒಂದೇ ದೇಹದಲ್ಲಿ ಕೂಡಿದ್ದಾರೆ. ಹಿಂದಿರುಗಿದಾಗ ಎಳೆಯ ಮೊಲಗಳಿಗೆ ಆ ಹಳೆಯ ಯುದ್ಧದ ವಿಷಯದಲ್ಲಿ ಆಸಕ್ತಿಯೇ ಇಲ್ಲ. ಈ ಕಹಿಯನ್ನು ಬರೆಯುವ ಧೈರ್ಯ ಮಕ್ಕಳ ಪುಸ್ತಕಗಳಲ್ಲಿ ಅಪರೂಪ.

ದೋಷಗಳಿಲ್ಲವೆಂದಲ್ಲ. ಹೆಣ್ಣುಮೊಲಗಳು ಬಹುಮಟ್ಟಿಗೆ ಸಂತಾನದ ಪ್ರಶ್ನೆಯಾಗಿಯೇ ಕಥೆಗೆ ಪ್ರವೇಶಿಸುತ್ತವೆ. ಎಫ್ರಾಫದ ಹೈಝೆನ್‌ಥ್ಲೇಯ ಧೀರತೆ ಈ ಕೊರತೆಯನ್ನು ಭಾಗಶಃ ಮಾತ್ರ ತುಂಬುತ್ತದೆ. ಮಾರ್ಟಿನ್ ರೋಸೆನ್ ೧೯೭೮ರಲ್ಲಿ ತೆಗೆದ ಚಿತ್ರದಲ್ಲಿ ರಕ್ತಪಾತವನ್ನು ಮರೆಮಾಚದಿರುವುದು ಮೆಚ್ಚತಕ್ಕದ್ದು. ಆದರೆ ಆರಂಭದ ಸೃಷ್ಟಿಪುರಾಣವೊಂದರ ಹೊರತು ಎಲ್-ಅಹ್ರೈರಾನ ಕಥೆಗಳನ್ನೆಲ್ಲ ಅದು ಕೈಬಿಟ್ಟಿತು. ಕೌಸ್ಲಿಪ್‌ನ ಉರುಲು ತೆರೆಯ ಮೇಲೆ ಇದೆ, ಕತ್ತು ಬಿಗಿಯುವುದೂ ಕಾಣುತ್ತದೆ. ಅಲ್ಲಿ ಯಾವ ಕಥೆಗೆ ನಗು ಬರಲಿಲ್ಲವೆಂಬುದು ನೋಡುವವರಿಗೆ ತಿಳಿಯುವುದಿಲ್ಲ.

ಕಾದಂಬರಿಯ ಕೊನೆಯ ಭಾಗದಲ್ಲಿ, ಯುದ್ಧವೆಲ್ಲ ಮುಗಿದು ಹೊಸ ನೆಲೆ ಊರಿದ ಮೇಲೆ, ವಿಲ್ತುರಿಲ್ ಎಂಬ ಹೆಣ್ಣುಮೊಲ ಮರಿಗಳಿಗೆ ಕಥೆ ಹೇಳುತ್ತಿರುತ್ತಾಳೆ. ಎಲ್-ಅಹ್ರೈರಾ ತನ್ನ ಜನರೊಡನೆ ಊರು ಬಿಟ್ಟನಂತೆ. ದಾರಿಯಲ್ಲಿ ಯಾರದೋ ವಶದಲ್ಲಿದ್ದ ಮೊಲಗಳ ನೆಲೆ ಸಿಕ್ಕಿತಂತೆ. ಪಕ್ಕದಲ್ಲಿಯೇ ಹೇಝಲ್ ಕೇಳುತ್ತಾನೆ. ಕಥೆ ಎಲ್ಲಿಯೋ ಕೇಳಿದ ಹಾಗೆ ತೋರುತ್ತದೆ. ಎಲ್ಲಿ ಎಂಬುದು ಅವನಿಗೆ ನೆನಪಾಗುವುದಿಲ್ಲ.